ಕೊರಿಯಾ: ಕದನವಿರಾಮ ಆಗಿ ಇಷ್ಟು ವರ್ಷವಾದರೂ ಶಾಂತಿ ಒಪ್ಪಂದ ಯಾಕಿಲ್ಲ?

ಪ್ರಶ್ನೆ:
ಕೊರಿಯಾ ಯುದ್ಧ 1953ರಲ್ಲಿ ನಿಂತಿತು ಅಂತ ಓದಿದ್ದೇವೆ. ಕಾನೂನಿನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ ಅಂತಲೂ ಹೇಳುತ್ತಾರೆ. ಇದು ಬರೀ ಕಾಗದದ ವಿಷಯವೋ, ನಿಜವಾದ ಅಡ್ಡಿಯೋ? ಜರ್ಮನಿಯ ಹಾಗೆ ಇವರೂ ಒಂದಾಗಬಹುದೇ?

ಉತ್ತರ 1:
ನಿಜವಾದ ಅಡ್ಡಿಯೇ. 1953ರ ಜುಲೈ 27ರಂದು ಆದದ್ದು ಸೇನಾಧಿಕಾರಿಗಳ ನಡುವಿನ ಕದನವಿರಾಮ. ಸಹಿ ಹಾಕಿದ್ದು ಅಮೆರಿಕದ ಮುಂದಾಳತ್ವದ ವಿಶ್ವಸಂಸ್ಥೆ ಪಡೆ, ಉತ್ತರ ಕೊರಿಯಾ ಸೇನೆ ಮತ್ತು ಚೀನಾದ ಸ್ವಯಂಸೇವಕ ಪಡೆ. ದಕ್ಷಿಣ ಕೊರಿಯಾದ ಸಹಿಯೇ ಅದರಲ್ಲಿಲ್ಲ. ದೇಶ ಒಂದಾಗದೆ ಯುದ್ಧ ನಿಲ್ಲಿಸಲು ಅಧ್ಯಕ್ಷ ಸಿಂಗ್ಮನ್ ರೀ ಒಪ್ಪಿರಲಿಲ್ಲ. ಮೂರು ತಿಂಗಳೊಳಗೆ ರಾಜಕೀಯ ಸಮ್ಮೇಳನ ಕರೆಯಿರಿ ಎಂದು ಕದನವಿರಾಮದ 60ನೇ ಕಲಂ ಶಿಫಾರಸು ಮಾಡಿತ್ತು. 1954ರಲ್ಲಿ ಜಿನೀವಾದಲ್ಲಿ ಕೂತರು, ಮಾತು ಮುರಿದುಬಿತ್ತು.

ಎರಡೂ ಕಡೆಯವರು ಮಾತುಕತೆಗೆ ಕೂರುವ ಪನ್ಮುಂಜೊಮ್‌ನಲ್ಲಿ ಗಡಿರೇಖೆಯ ಮೇಲೇ ನಿಂತಿರುವ ನೀಲಿ ಕೊಠಡಿಯೊಳಗೆ ಮೇಜಿನ ನಡುವೆ ಮೈಕಿನ ತಂತಿ ಹಾದುಹೋಗುತ್ತದೆ. ಆ ತಂತಿಯೇ ಗಡಿ. ಹೊರಗೆ ಅದೇ ಗೆರೆ ಸುಮಾರು 250 ಕಿ.ಮೀ. ಉದ್ದ, 4 ಕಿ.ಮೀ. ಅಗಲದ, ನೆಲಬಾಂಬ್ ತುಂಬಿದ ಪಟ್ಟಿಯಾಗುತ್ತದೆ.

ಒಪ್ಪಂದ ಸಿಕ್ಕಿಬೀಳುವುದು ಯಾವುದು ಮೊದಲು ಎಂಬಲ್ಲಿ. ಆರ್ಥಿಕ ನಿರ್ಬಂಧ ತೆಗೆಯಿರಿ ಎನ್ನುತ್ತದೆ ಉತ್ತರ ಕೊರಿಯಾ. ಅಣ್ವಸ್ತ್ರ ಬಿಡಿ ಎನ್ನುತ್ತದೆ ಅಮೆರಿಕ. ಈ ಎರಡು ದೇಶಗಳ ನಾಯಕರ 2019ರ ಹನೋಯ್ ಮಾತುಕತೆ ಮುರಿದದ್ದೂ ಇಲ್ಲೇ.

ಉತ್ತರ 2:
ಜರ್ಮನಿಯ ಹೋಲಿಕೆ ಹೆಚ್ಚು ದೂರ ಬರುವುದಿಲ್ಲ. ಅಲ್ಲಿ ಪಶ್ಚಿಮದ ಜನಸಂಖ್ಯೆ ಪೂರ್ವದ ಸುಮಾರು ನಾಲ್ಕು ಪಟ್ಟು ಇತ್ತು. ಇಲ್ಲಿ ದಕ್ಷಿಣ ಉತ್ತರದ ಎರಡು ಪಟ್ಟು ಮಾತ್ರ, ಆದಾಯದ ಅಂತರವಂತೂ ಹತ್ತಾರು ಪಟ್ಟು. ಜರ್ಮನರು ಪರಸ್ಪರ ಯುದ್ಧ ಮಾಡಿರಲಿಲ್ಲ. ಗೋಡೆ ಇದ್ದಾಗಲೂ ಅವರ ನಡುವೆ ಪತ್ರ, ಫೋನು, ಟಿವಿ ಓಡಾಡುತ್ತಿದ್ದವು. ಕೊರಿಯನ್ನರಿಗೆ ಮಾಮೂಲಿ ಅಂಚೆಯೂ ಇಲ್ಲ.

ಇನ್ನೊಂದು ಮುಖ್ಯ ಮಾತು. 1991ರ ಮೂಲ ಒಪ್ಪಂದದಲ್ಲಿ ಇಬ್ಬರೂ ತಮ್ಮದು ಎರಡು ದೇಶಗಳ ಸಂಬಂಧವಲ್ಲ, ಒಂದಾಗುವ ದಾರಿಯಲ್ಲಿರುವ ವಿಶೇಷ ಸಂಬಂಧ ಎಂದು ಒಪ್ಪಿದ್ದರು. 2023ರ ಕೊನೆಗೆ ಉತ್ತರದ ನಾಯಕ ಕಿಮ್ ಜಾಂಗ್ ಉನ್ ಅದನ್ನೇ ಕೈಬಿಟ್ಟು, ಇವು ಹಗೆತನದ ಎರಡು ರಾಷ್ಟ್ರಗಳು ಎಂದರು. ಮರುವರ್ಷ ಪ್ಯಾಂಗ್ಯಾಂಗಿನ ಏಕೀಕರಣ ಕಮಾನು ಕೆಡವಿದರು, ಅಕ್ಟೋಬರ್‌ನಲ್ಲಿ ದಕ್ಷಿಣಕ್ಕೆ ಹೋಗುವ ರಸ್ತೆಗಳನ್ನು ಸ್ಫೋಟಿಸಿದರು. ಇತ್ತ ದಕ್ಷಿಣದ ಸಂವಿಧಾನದ 3ನೇ ವಿಧಿಯ ಪ್ರಕಾರ ಇಡೀ ಪರ್ಯಾಯ ದ್ವೀಪ ತನ್ನದೇ. ಹಾಗಾಗಿ ಉತ್ತರವನ್ನು ಪೂರ್ತಿ ಬೇರೆ ದೇಶ ಎಂದು ಒಪ್ಪುವುದು ದಕ್ಷಿಣಕ್ಕೆ ಸುಲಭವಲ್ಲ. ನನ್ನ ಮಟ್ಟಿಗೆ, ಏಕೀಕರಣವನ್ನು ಬದಿಗಿಟ್ಟು ಶಾಂತಿಯ ಬಗ್ಗೆ ಮಾತಾಡುವುದೇ ಈಗ ಉಳಿದ ದಾರಿ.

ಪ್ರಶ್ನೆ ಕೇಳಿದವರು:
ಧನ್ಯವಾದ. ಹಾಗಾದರೆ ಒಪ್ಪಂದಕ್ಕೆ ಕಾಯದೆ ಈಗಲೇ ಮಾಡಬಹುದಾದ ಕೆಲಸ ಯಾವುದು?

ಉತ್ತರ 3:
ದೇಶ ಒಡೆದು ಗಡಿಯ ಆಚೆ-ಈಚೆ ಬೇರ್ಪಟ್ಟ ಕುಟುಂಬಗಳನ್ನು ಸೇರಿಸುವ ಕೆಲಸ. ಇದೊಂದು ಕಾಯುವಂಥದ್ದಲ್ಲ. ಬಂಧುಗಳನ್ನು ಹುಡುಕಲು ದಕ್ಷಿಣದಲ್ಲಿ ಹೆಸರು ಬರೆಸಿದವರು 1.3 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ತೀರಿಹೋಗಿದ್ದಾರೆ, ಉಳಿದವರಲ್ಲಿ ಬಹುಪಾಲು ಎಂಬತ್ತು ದಾಟಿದವರು.

2018ರ ಆಗಸ್ಟ್‌ನಲ್ಲಿ ಇಂಥ ಕುಟುಂಬಗಳ ಭೇಟಿ ನಡೆದ ಕ್ರಮ ನೋಡಿ. ಮೊದಲು ಕಂಪ್ಯೂಟರ್ ಚೀಟಿಯಲ್ಲಿ 500 ಹೆಸರು ತೆಗೆದರು. ಆರೋಗ್ಯ ನೋಡಿ, ಹೋಗುವ ಇಚ್ಛೆ ಕೇಳಿ 250ಕ್ಕೆ ಇಳಿಸಿದರು. ಆ ಪಟ್ಟಿ ರೆಡ್ ಕ್ರಾಸ್ ಮೂಲಕ ಉತ್ತರಕ್ಕೆ ಹೋಗಿ, ಅಲ್ಲಿನ ಬಂಧುಗಳು ಬದುಕಿದ್ದಾರೋ ಇಲ್ಲವೋ ಎಂಬ ಮಾಹಿತಿ ಬಂತು. ಗುರಿ 100 ಜನ. ಮೊದಲ ತಂಡದಲ್ಲಿ, ಭೇಟಿ ನಡೆಯುವ ಉತ್ತರದ ಕುಮ್‌ಗಾಂಗ್ ಬೆಟ್ಟಕ್ಕೆ ಹೋದವರು 89. ಮೂರು ದಿನದಲ್ಲಿ ಜೊತೆಗಿದ್ದದ್ದು ಹೆಚ್ಚೆಂದರೆ 12 ಗಂಟೆ, ಆಮೇಲೆ ಪತ್ರವೂ ಇಲ್ಲ. ಆ ವರ್ಷದ ಭೇಟಿಗಳೇ ಕೊನೆಯವು.

ಸರಿಯಾದ ಕ್ರಮ ಇದಕ್ಕೆ ತಿರುಗುಮುರುಗಾಗಬೇಕು. ಚೀಟಿ ಬಿಟ್ಟು ಇಡೀ ಪಟ್ಟಿಗೆ ಒಟ್ಟಿಗೇ ಬದುಕು-ಸಾವಿನ ಖಾತ್ರಿ ಕೊಡಲಿ, ಆಮೇಲೆ ಪತ್ರ, ನಂತರ ವಿಡಿಯೊ ಭೇಟಿ. ವಿಡಿಯೊ ಭೇಟಿ 2005ರಿಂದ 2007ರವರೆಗೆ ನಡೆದೇ ಇತ್ತು. ಅದರ ಉಪಕರಣಗಳಿಗೆ 2019ರಲ್ಲಿ ವಿಶ್ವಸಂಸ್ಥೆಯ ನಿರ್ಬಂಧದಿಂದ ವಿನಾಯಿತಿಯೂ ಸಿಕ್ಕಿದೆ. ಬಂಧುಗಳು ತೀರಿಕೊಂಡ ಮೇಲೂ ಸಂಬಂಧ ಗುರುತಿಸಲು ಬೇಕೆಂದು ದಕ್ಷಿಣ ಈಗಾಗಲೇ ಡಿಎನ್‌ಎ ಸಂಗ್ರಹಿಸಿಡುತ್ತಿದೆ.

ಉತ್ತರ 1:
ಒಂದು ಸೇರಿಸುತ್ತೇನೆ. ಆ ಪಟ್ಟಿ ಕಳಿಸಲೂ ಈಗ ದಾರಿಯಿಲ್ಲ. ದಿನಕ್ಕೆರಡು ಸಲ, ಬೆಳಿಗ್ಗೆ 9ಕ್ಕೂ ಸಂಜೆ 5ಕ್ಕೂ, ದಕ್ಷಿಣದಿಂದ ಸಂಪರ್ಕ ಕರೆ ಹೋಗುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಉತ್ತರ ಅದನ್ನು ಎತ್ತುವುದು ನಿಲ್ಲಿಸಿತು. 2025ರ ಜೂನ್‌ನಲ್ಲಿ ದಕ್ಷಿಣ ಕೊರಿಯಾ ಗಡಿಯಲ್ಲಿನ ತನ್ನ ಪ್ರಚಾರದ ಧ್ವನಿವರ್ಧಕ ನಿಲ್ಲಿಸಿದಾಗ ಆ ಕಡೆಯ ಸದ್ದೂ ನಿಂತಿತು, ಅಂದರೆ ಮಾತಿಲ್ಲದೆಯೂ ಸ್ಪಂದನೆ ಬರುತ್ತದೆ. ಶೃಂಗಸಭೆಯ ಸುದ್ದಿಗಿಂತ, ಆ 9 ಗಂಟೆಯ ಕರೆಯನ್ನು ಆ ಕಡೆ ಯಾರಾದರೂ ಎತ್ತಿದರೇ ಎಂಬುದನ್ನು ಗಮನಿಸುತ್ತಿರಿ.