‘ಫ್ಲೋರ್ ವೇಜ್’ಗೆ ಕನ್ನಡದಲ್ಲಿ ಏನನ್ನೋಣ?

> ಪೀಣ್ಯದ ಗಾರ್ಮೆಂಟ್ಸ್ ಗೇಟಿನ ಹತ್ತಿರ ಹಂಚೋಕೆ ಕರಪತ್ರ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು. ‘ಮಿನಿಮಮ್ ವೇಜ್’ ಕನಿಷ್ಠ ವೇತನ, ಸರಿ. ‘ಫ್ಲೋರ್ ವೇಜ್’ಗೆ ಯಾವ ಪದ ಹಾಕಲಿ?

‘ಕನಿಷ್ಠತಮ ವೇತನ’ ಬೇಡವೇ ಬೇಡ. ಕನಿಷ್ಠ ಅಂದರೇ ಎಲ್ಲಕ್ಕಿಂತ ಕಡಿಮೆ. ಅದಕ್ಕೆ ಇನ್ನೊಂದು ಬಾಲ ಯಾಕೆ?

ಎರಡೂ ಬೇರೆ ಬೇರೆ ಅನ್ನುವುದು ಪದದಲ್ಲೇ ಕಾಣಬೇಕು. ಗಾರ್ಮೆಂಟ್ಸ್‌ನಂಥ ಕೆಲಸಗಳಿಗೆ ಕನಿಷ್ಠ ವೇತನ ಗೊತ್ತುಮಾಡುವುದು ರಾಜ್ಯ ಸರ್ಕಾರ. 2019ರ ವೇತನ ಸಂಹಿತೆಯ ಪ್ರಕಾರ ಅದರ ಅಡಿಗೆರೆ ಎಳೆಯುವುದು ಕೇಂದ್ರ; ಆ ಗೆರೆಯೇ ‘ಫ್ಲೋರ್ ವೇಜ್’. ಆ ಗೆರೆಗಿಂತ ಕೆಳಗೆ ಯಾವ ರಾಜ್ಯವೂ ಇಳಿಯುವಂತಿಲ್ಲ. ಮೊದಲೇ ಜಾಸ್ತಿ ಇದ್ದರೆ ಅದನ್ನು ಇಳಿಸುವಂತೆಯೂ ಇಲ್ಲ. 2017ರಲ್ಲಿ ಇಂಥದೇ ಗೆರೆ ದಿನಕ್ಕೆ 176 ರೂಪಾಯಿ ಅಂತ ಕೇಂದ್ರ ಹೇಳಿತ್ತಲ್ಲ, ಅದಕ್ಕೆ ಕಾನೂನಿನ ಬಲ ಇರಲಿಲ್ಲ.

‘ಅಡಿಗೂಲಿ’ಯಲ್ಲಿ ಸಂಧಿ ಸರಿ, ಅರ್ಥ ಕೆಟ್ಟಿತು. ಗಾರೆ ಕೆಲಸದವರಿಗೆ ತೋರಿಸಿ, ಚದರ ಅಡಿಗೆ ಎಷ್ಟು ಅಂತ ಕೇಳುತ್ತಾರೆ. ‘ತಳಮಟ್ಟದ ವೇತನ’ ಅಂದರೆ ನನಗೆ ಪಕ್ಷದ ತಳಮಟ್ಟದ ಕಾರ್ಯಕರ್ತರೇ ಕಣ್ಣೆದುರು ಬರುತ್ತಾರೆ.

ಇನ್ನು ‘ಕೂಲಿ’ ಹುಟ್ಟಿದ್ದು ‘ಕೂಳಿ’ನಿಂದ, ಆದ್ದರಿಂದ ಅದೇ ಅಚ್ಚಗನ್ನಡ, ಅದನ್ನೇ ಹಾಕಿ ಅನ್ನುವವರಿಗೆ: ಹಾಗಾದರೆ ಹುಲಿ ಹುಟ್ಟಿದ್ದು ಹುಳಿಯಿಂದಲಾ? ಕಿವಿಗೆ ಹತ್ತಿರ ಕೇಳಿಸಿದ್ದೆಲ್ಲ ನಂಟಲ್ಲ. ಅದೂ ಅಲ್ಲದೆ ಕೂಲಿ ದಿನದ್ದು. ಗಾರ್ಮೆಂಟ್ಸ್ ಹೆಂಗಸರು ಕೇಳುವುದು ‘ಸಂಬಳ ಆಯ್ತಾ?’ ಅಂತ. ತಿಂಗಳಿಗೆ ದುಡಿಯುವವರ ಕೈಗೆ ‘ಕೂಲಿ’ ಅಂತ ಅಚ್ಚು ಹಾಕಿ ಕೊಟ್ಟರೆ ಬೇಜಾರಾಗಲ್ವಾ?

ಸಂಬಳ ಸಂಸ್ಕೃತದ ‘ಶಂಬಲ’ದಿಂದ ಬಂದದ್ದು ಅಂತ ಈಗ ಯಾರಾದರೂ ಎದ್ದೇ ಏಳುತ್ತಾರೆ. ಬಂದಿರಲಿ. ಶಂಬಲ ಅಂದರೆ ದಾರಿಬುತ್ತಿ, ಒಳ್ಳೆಯ ಅರ್ಥವೇ. ಧಾರವಾಡದ ಕಡೆಯ ‘ಪಗಾರ’ ಪೋರ್ಚುಗೀಸರದ್ದು, ಅದನ್ನೂ ಹಡಗು ಹತ್ತಿಸುತ್ತೀರಾ? ಕನ್ನಡದ ‘ತಳ’ಕ್ಕೆ ‘ಸಂಬಳ’ ಸೇರಿಸಿದರೆ ಬೆರಕೆ ಅಂತೀರಾ? ‘ತುಟ್ಟಿಭತ್ಯೆ’ಯಲ್ಲಿ ತುಟ್ಟಿ ಸಂತೆಯದು, ಭತ್ಯೆ ಕಚೇರಿಯದು. ಅದರ ಆದೇಶ ಬರುತ್ತಲೇ ಇರುತ್ತದೆ. ಬೆರಕೆ ಪದ ಅಂತ ಯಾರೂ ಅದನ್ನು ವಾಪಸ್ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ.

‘ತಳಸಂಬಳ’ ಹಾಕಿ. ಮೊದಲ ಸಲ ಬಂದಾಗ ‘ಫ್ಲೋರ್ ವೇಜ್, ಅಂದರೆ ತಳಸಂಬಳ’ ಅಂತ ಬರೆಯಿರಿ, ಸಾಕು. ಪ್ರೂಫ್ ನೋಡುವಾಗ ಕನಿಷ್ಠದ ‘ಠ’ ಒಮ್ಮೆ ನೋಡಿಕೊಳ್ಳಿ. ನಿಮ್ಮ ಹೋದ ಸಲದ ಬ್ಯಾನರಿನಲ್ಲಿ ‘ಕನಿಷ್ಟ’ ಇತ್ತು.