ಆರತಿಯ ಕೆಂಪು ನೀರು ಕಿತ್ತಳೆ ಬಣ್ಣಕ್ಕೇ ನಿಲ್ಲುತ್ತಿದೆ, ಎಲ್ಲಿ ತಪ್ಪು?

ಹಂಬುಮಲ್ಲಿಗೆ:
ಮುಂದಿನ ವಾರ ಗೃಹಪ್ರವೇಶ. ಹೊಸ್ತಿಲಲ್ಲಿ ದಂಪತಿಗೆ ದೃಷ್ಟಿ ತೆಗೆಯೋ ಕೆಂಪು ನೀರನ್ನ ಅಂಗಡಿ ಕುಂಕುಮದಲ್ಲಿ ಕದಡೋದು ಬೇಡ, ಅರಿಶಿನ ಸುಣ್ಣದಲ್ಲೇ ಮಾಡಬೇಕು ಅಂತ ಮನೆಯ ಹಿರಿಯರ ಆಸೆ. ಆದರೆ ಎಷ್ಟು ಸಲ ಕಲಸಿದರೂ ಕಿತ್ತಳೆ ಬಣ್ಣಕ್ಕೆ ನಿಂತುಬಿಡುತ್ತೆ, ಸ್ವಲ್ಪ ಹೊತ್ತಿಗೆ ಮಂಕಾಗುತ್ತೆ. ಹಾಕ್ತಿರೋದು ಇಷ್ಟು: ಪೂಜೆ ಅರಿಶಿನದ ಪ್ಯಾಕೆಟ್‌ನಿಂದ 1 ಚಮಚ, ಎಲೆ ಅಡಿಕೆ ಡಬ್ಬಿಯ ಸುಣ್ಣ, ಒಂದು ಲೋಟ ನೀರು, ಮೇಲೆ ನಿಂಬೆಹಣ್ಣಿನ ಎರಡು ಹೋಳು. ನೆಲ ಬಿಳಿ ಮಾರ್ಬಲ್, ಚೆಲ್ಲಿದರೆ ಏನು ಮಾಡೋದು? ಇನ್ನೊಂದು, ಸಂಜೆ 6 ತಿಂಗಳ ಕೂಸಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಬೇಕು. ಫ್ಲಾಟಲ್ಲಿ ಕೆಂಡ ಇಲ್ಲ, ಗ್ಯಾಸ್ ಒಲೆ ಮೇಲೆ ಹಾಕಬಹುದಾ?

ಒಲೆಬೂದಿ:
ಮೊದಲು ಆ ನಿಂಬೆ ಹೋಳು ತೆಗೀರಿ. ಅರಿಶಿನ ಕೆಂಪಾಗೋದೇ ಸುಣ್ಣದ ಕ್ಷಾರಕ್ಕೆ. ಹುಳಿ ಬಿದ್ದ ಕೂಡಲೇ ಕ್ಷಾರ ತಗ್ಗಿ ಬಣ್ಣ ವಾಪಸ್ ಹಳದಿ ಕಡೆಗೆ ಬರುತ್ತೆ. ನಿಂಬೆಹಣ್ಣು ಬೇಕೇ ಬೇಕು ಅಂದ್ರೆ ಇಡೀ ಹಣ್ಣನ್ನ ಬೇರೆಯಾಗಿ ನಿವಾಳಿಸಿ ಹಾಕಿ, ತಟ್ಟೆಯೊಳಗೆ ಬೇಡ.

ಎರಡನೇದು ಅರಿಶಿನ. ಪ್ಯಾಕೆಟ್ ಮೇಲೆ ಕಸ್ತೂರಿ ಅರಿಶಿನ ಅಂತ ಇದ್ದರೆ ಅದು ಬೇರೆಯೇ ಗೆಡ್ಡೆ. ಕೆಂಪು ಕೊಡೋ ಕರ್ಕ್ಯುಮಿನ್ ಅದರಲ್ಲಿ ತೀರಾ ಕಡಿಮೆ. ಪೂಜೆಗೆ ಅಂತ ಮಾರೋ ಪುಡಿಗೆ ಹಿಟ್ಟು, ಬಣ್ಣ ಬೆರೆಸಿರೋದೂ ಉಂಟು. ಅಡುಗೆ ಅರಿಶಿನ ತಗೊಳ್ಳಿ, ಅದರಲ್ಲೂ ಕೊಂಬು ಕುಟ್ಟಿದ ಪುಡಿ ಆದರೆ ಇನ್ನೂ ಒಳ್ಳೇದು.

ಸುಣ್ಣ ತಾಜಾ ಇರಬೇಕು. ಡಬ್ಬಿಯಲ್ಲಿ ಒಣಗಿ ಸೀಮೆಸುಣ್ಣದ ಹಾಗೆ ಗಟ್ಟಿಯಾಗಿದ್ದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸತ್ವ ಕಳಕೊಂಡಿದೆ. ನೀರು ಹಾಕಿ ಕಲಸಿದರೂ ಜೀವ ಬರಲ್ಲ. ಬೆಣ್ಣೆ ಹಾಗೆ ಮೆತ್ತಗಿರೋದು ಬೇಕು.

ಅಳತೆ: 9 ಇಂಚಿನ ಅಂಚಿರೋ ತಟ್ಟೆಗೆ 200 ಮಿಲಿ ನೀರು ಸಾಕು. ಅರ್ಧ ಸೆಂಟಿಮೀಟರ್ ಆಳ ಬರುತ್ತೆ, ಎತ್ತಿ ಸುತ್ತಿಸುವಾಗ ತುಳುಕಲ್ಲ. ಅದಕ್ಕೆ ಅರ್ಧ ಟೀ ಚಮಚ ಅರಿಶಿನ, ಕಡಲೆಕಾಳಿನ ಗಾತ್ರದ ಸುಣ್ಣ. ನೀರಿಗೆ ನೇರವಾಗಿ ಸುರೀಬೇಡಿ, ಅರಿಶಿನ ನೀರಲ್ಲಿ ಸುಲಭಕ್ಕೆ ಕರಗೋದಲ್ಲ. ಒಣ ಬಟ್ಟಲಲ್ಲಿ ಪುಡಿ, ಸುಣ್ಣ, ನಾಲ್ಕು ಹನಿ ನೀರು ಹಾಕಿ ಚಮಚದ ಬೆನ್ನಿಂದ ಅರೀರಿ. ಮೊದಲು ಹಳದಿ ಪಟ್ಟೆ ಪಟ್ಟೆಯಾಗಿ ಕಾಣುತ್ತೆ, ಅರೀತಾ ಅರೀತಾ ಇಟ್ಟಿಗೆ ಬಣ್ಣ, ಆಮೇಲೆ ಒಂದೇ ಸಮ ರಕ್ತಗೆಂಪು. ಹಳದಿ ಗೆರೆ ಪೂರ್ತಿ ಹೋದ ಮೇಲೆ ನೀರು ಬಿಟ್ಟು ತೆಳ್ಳಗೆ ಮಾಡಿ. ಬಣ್ಣ ಎದ್ದಿಲ್ಲ ಅಂತ ಸುಣ್ಣ ಸುರೀತಾ ಹೋದರೆ ಮತ್ತೂ ಕೆಂಪಾಗಲ್ಲ, ನೀರು ಬೆಳ್ಳಗೆ ಕದಡಿ ಬಣ್ಣ ಕೆಡುತ್ತೆ. ಕ್ಷಾರದಲ್ಲಿ ಅರಿಶಿನದ ಬಣ್ಣ ಹೆಚ್ಚು ಹೊತ್ತು ಬಾಳಲ್ಲ, ಹಾಗಾಗಿ ಬೆಳಗ್ಗೆಯೇ ಮಾಡಿಡಬೇಡಿ. ದಂಪತಿ ಬಾಗಿಲಿಗೆ ಬಂದರು ಅಂದಾಗ ನೀರು ಬೆರೆಸಿ.

ತಟ್ಟೆ ಹಿತ್ತಾಳೆ, ಸ್ಟೀಲ್, ಬೆಳ್ಳಿ ಯಾವುದಾದರೂ ಆಗುತ್ತೆ. ಅಲ್ಯೂಮಿನಿಯಂ ಮಾತ್ರ ಬೇಡ, ಸುಣ್ಣ ಅದನ್ನ ತಿಂದು ಕಪ್ಪು ಮಾಡುತ್ತೆ.

ಅಂಗಳದಹಸೆ:
ನಡುವೆ ಒಂದು ವೀಳ್ಯದೆಲೆ ತೇಲಿಸಿ ಅದರ ಮೇಲೆ ಕರ್ಪೂರ ಇಡೋದಾದರೆ ಒಂದೇ ಬಿಲ್ಲೆ ಸಾಕು. ಎಲೆ ಒದ್ದೆಯಾದರೆ ಕರ್ಪೂರ ಹತ್ತಲ್ಲ, ಅದಕ್ಕೆ ಕಡೇ ಗಳಿಗೆಯಲ್ಲಿ ಇಡಿ. ಇಬ್ಬರು ಮುತ್ತೈದೆಯರು ಎದುರುಬದುರು ನಿಂತು ತಟ್ಟೆ ಹಿಡಿದು ಮೂರು ಸುತ್ತು. ಕೆಲವರ ಮನೇಲಿ ಪ್ರದಕ್ಷಿಣೆಗೆ ಮೂರು, ಅಪ್ರದಕ್ಷಿಣೆಗೆ ಮೂರು. ಅದು ನಿಮ್ಮ ಮನೆ ಹಿರಿಯರು ಹೇಳಿದ ಹಾಗೇ ಆಗಲಿ. ಆರತಿ ಆದ ಮೇಲೆ ಆ ನೀರನ್ನ ತುಳಿದಾಡೋ ಕಡೆ ಚೆಲ್ಲಬಾರದು, ಗೇಟಿನ ಆಚೆ ಮರದ ಬುಡಕ್ಕೆ ಹಾಕೋದು ಪದ್ಧತಿ. ತುಳಸಿಗೆ ಬೇಡ.

ಇದೇ ನೀರನ್ನ ಬೆರಳಲ್ಲಿ ಅದ್ದಿ ಹಣೆಗಿಡೋದುಂಟು. ದೊಡ್ಡವರಿಗೆ ತೊಂದರೆ ಇಲ್ಲ. ಕೂಸಿನ ಹಣೆಗೆ ದಯವಿಟ್ಟು ಬೇಡ: ಸುಣ್ಣ ಎಳೆ ಚರ್ಮ ಸುಡುತ್ತೆ, ಕಣ್ಣಿಗೆ ಇಳಿದರೆ ದೊಡ್ಡ ಅಪಾಯ. ಮಗುವಿಗೆ ದೃಷ್ಟಿಬೊಟ್ಟು ಇದ್ದೇ ಇದೆಯಲ್ಲ, ಕೆನ್ನೆಗೋ ಅಂಗಾಲಿಗೋ ಹರಳೆಣ್ಣೆ ದೀಪದಲ್ಲಿ ಹಿಡಿದ ಕಾಡಿಗೆ. ಅದೂ ಕಣ್ಣಿಗೆ ಹಚ್ಚೋದು ಬೇಡ.

ಬ್ಯಾಡಗಿಕೆಂಪು:
ನಿವಾಳಿಸೋ ವಿಚಾರಕ್ಕೆ ಬರ್ತೀನಿ. ಒಂದು ಹಿಡಿ ಹರಳುಪ್ಪು, ಮೂರು ಒಣಮೆಣಸಿನಕಾಯಿ, ಅರ್ಧ ಚಮಚ ಸಾಸಿವೆ. ಬಲಗೈ ಮುಷ್ಟಿಯಲ್ಲಿ ಹಿಡಿದು ತಲೆಯಿಂದ ಪಾದದ ತನಕ ಮೂರು ಸಲ ಇಳಿಸ್ತಾ "ನಾಯಿ ಕಣ್ಣು, ನರಿ ಕಣ್ಣು, ಹೋದೋರ ಕಣ್ಣು, ಬಂದೋರ ಕಣ್ಣು" ಅಂತ ಹೇಳಿ ಕೆಂಡಕ್ಕೆ ಹಾಕೋದು.

ಉಪ್ಪು ಚಟಪಟ ಅನ್ನದಿದ್ದರೆ ಗಾಬರಿ ಬೇಡ. ಹರಳಿನೊಳಗೆ ಸಿಕ್ಕ ನೀರು ಕಾದು ಆವಿಯಾಗಿ ಹರಳು ಸಿಡಿಯೋದೇ ಆ ಸದ್ದು. ಪುಡಿ ಉಪ್ಪಿಗೆ ಆ ಸದ್ದು ಬರಲ್ಲ. ಇನ್ನು ಘಾಟು. "ಘಾಟು ಬರಲಿಲ್ಲ, ದೃಷ್ಟಿ ಜೋರಾಗೇ ತಗುಲಿತ್ತು" ಅನ್ನೋ ಮಾತು ಊರೂರಲ್ಲೂ ಇದೆ. ಧಗಧಗ ಉರಿಯೋ ಕೆಂಡದಲ್ಲಿ ಮೆಣಸಿನಕಾಯಿ ಥಟ್ಟನೆ ಹೊತ್ತಿ ಉರಿದುಹೋದರೆ ಖಾರವೂ ಜೊತೆಗೇ ಸುಟ್ಟುಹೋಗುತ್ತೆ. ಬೂದಿ ಮುಚ್ಚಿದ ಕೆಂಡದಲ್ಲೋ ಕಾದ ಬಾಣಲೆಯಲ್ಲೋ ನಿಧಾನಕ್ಕೆ ಕಮರಿದರೆ ಮನೆಯವರೆಲ್ಲ ಕೆಮ್ಮಬೇಕು. ಮೆಣಸಿನಕಾಯಿ ಜಾತಿಯೂ ಲೆಕ್ಕಕ್ಕೆ ಬರುತ್ತೆ: ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ, ಘಾಟೂ ಕಮ್ಮಿ. ಗುಂಟೂರಿಗೆ ತದ್ವಿರುದ್ಧ.

6 ತಿಂಗಳ ಕೂಸಿರೋ ಮನೇಲಿ ಮುಚ್ಚಿದ ಅಡುಗೆಮನೆಯೊಳಗೆ ಇದನ್ನ ಸುಡಲೇಬಾರದು. ಮಗುವಿಗೆ ನಿವಾಳಿಸಿ ಆದ ಮೇಲೆ ಆ ಮುಷ್ಟಿಯನ್ನ ಬಾಲ್ಕನಿಗೆ ಒಯ್ದು, ಮಡಕೆ ಚೂರಿನಲ್ಲಿ ತೆಂಗಿನ ಚಿಪ್ಪು ಉರಿಸಿ ಮಾಡಿದ ಕೆಂಡಕ್ಕೆ ಹಾಕಿ, ಬಾಗಿಲು ಮುಚ್ಚಿ. ಗ್ಯಾಸ್ ಬರ್ನರ್ ಮೇಲೆ ಬೇಡ, ಉಪ್ಪು ತೂತುಗಳಲ್ಲಿ ಕೂತು ತುಕ್ಕು ಹಿಡಿಸುತ್ತೆ, ಆಮೇಲೆ ಉರಿ ಒಂದು ಕಡೆ ಹಳದಿ, ಒಂದು ಕಡೆ ನೀಲಿ. ಹೊಗೆ ಬಂದರೆ ಅಲಾರಾಂ ಕೂಗೋ ಮನೆಗಳಲ್ಲಿ, ವಿದೇಶದಲ್ಲಿರೋರು ವಿಶೇಷವಾಗಿ, ಬರೀ ಉಪ್ಪು ನಿವಾಳಿಸಿ ನೀರಿಗೆ ಹಾಕಬಹುದು. ಉಪ್ಪು ಕರಗಿದ ಹಾಗೆ ದೃಷ್ಟಿ ಕರಗಲಿ ಅನ್ನೋ ಭಾವ ಅದು, ಹೊಸದಾಗಿ ಹುಟ್ಟಿಸಿದ್ದಲ್ಲ.

ಹಂಬುಮಲ್ಲಿಗೆ:
ಅಡುಗೆ ಅರಿಶಿನ, ಹೊಸ ಸುಣ್ಣ ಹಾಕಿ ಅರೆದಾಗ ಬಣ್ಣ ಸರಿಯಾಗಿ ಬಂತು, ತುಂಬಾ ಉಪಕಾರ. ಮಾರ್ಬಲ್ ಮತ್ತೆ ರೇಷ್ಮೆ ಸೀರೆ ಕಲೆ ಬಗ್ಗೆ ಯಾರಾದರೂ ಹೇಳಿ.

ಒಲೆಬೂದಿ:
ಮಾರ್ಬಲ್ ಮೇಲೆ ಬಿದ್ದರೆ ಆ ಕ್ಷಣವೇ ಒತ್ತಿ ಹೀರಿಸಿ, ಉಜ್ಜಿ ಹರಡಬೇಡಿ, ಬರೀ ನೀರಲ್ಲಿ ಎರಡು ಮೂರು ಸಲ ಒರೆಸಿ. ನಿಂಬೆರಸ, ವಿನೆಗರ್ ಎರಡೂ ಮಾರ್ಬಲ್ಲಿನ ಹೊಳಪು ತಿನ್ನುತ್ತವೆ. ಎಲ್ಲಕ್ಕಿಂತ ಒಳ್ಳೇದು, ಆರತಿ ಎತ್ತೋ ಜಾಗದಲ್ಲಿ ಮೊದಲೇ ಒಂದು ಅಗಲ ಬಾಳೆಎಲೆ ಹಾಸಿ.

ಬಿಳಿ ಹತ್ತಿ ಪಂಚೆಗೆ ಬಿದ್ದರೆ ಸೋಪು ಮುಟ್ಟಿಸಬೇಡಿ, ಸೋಪೂ ಕ್ಷಾರವೇ, ಕಲೆ ಇನ್ನೂ ಕೆಂಪೇರುತ್ತೆ. ತಣ್ಣೀರಲ್ಲಿ ಜಾಲಿಸಿ, ಎರಡು ಹನಿ ನಿಂಬೆರಸ ಬಿಟ್ಟರೆ ಹಳದಿಗೆ ತಿರುಗುತ್ತೆ, ಮತ್ತೆ ಜಾಲಿಸಿ ಬಿಸಿಲಿಗೆ ಹಾಕಿ. ಅರಿಶಿನದ ಹಳದಿ ಬಿಸಿಲಿಗೆ ತಾನಾಗೇ ಮಾಸುತ್ತೆ. ರೇಷ್ಮೆಗೆ ಬಿಸಿಲೂ ಬೇಡ, ನಿಂಬೆಯೂ ಬೇಡ. ತಣ್ಣೀರು ಅದ್ದಿದ ಬಟ್ಟೆಯಲ್ಲಿ ಒತ್ತಿ ತೆಗೆದು ಡ್ರೈ ಕ್ಲೀನಿಂಗ್‌ಗೆ ಕೊಡಿ, ಬಿದ್ದಿರೋದು ಅರಿಶಿನ ಸುಣ್ಣ ಅಂತ ಅವರಿಗೆ ಹೇಳೋದು ಮರೀಬೇಡಿ.