ಕಂಟ್ರಿ ಶೋಗೆ ಏನನ್ನೋಣ? ಜೊತೆಗೆ ‘ಗಾರ್ಡನ್’ ಬಗ್ಗೆಯೂ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ವುಸ್ಟರ್‌ಷರ್ ಕಡೆ ಇರುವ ನಾವು ಕೆಲವು ಕನ್ನಡ ಮನೆಗಳವರು ಸೇರಿ ಒಂದು ಸಣ್ಣ ಕೈಪಿಡಿ ತರುತ್ತಿದ್ದೇವೆ. ಊರಿನ ಬಿಸಿಲು ತಪ್ಪಿಸಿಕೊಂಡು ಏಪ್ರಿಲ್, ಮೇ ಹೊತ್ತಿಗೆ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರಿಗಾಗಿ ಇದು. ಲಂಡನ್ ಒಂದು ಸಲ ನೋಡಿದರೆ ಅವರಿಗೆ ಸಾಕಾಗುತ್ತದೆ. ಹಳ್ಳಿ ಕಡೆ ಕರೆದುಕೊಂಡು ಹೋದರೆ ಮುಖ ಅರಳುತ್ತದೆ. ದನ, ಕುರಿ, ಗೊಬ್ಬರದ ವಾಸನೆ ಎಲ್ಲಿದ್ದರೂ ಅದೇ ತಾನೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ವಿಷಯಕ್ಕೇನೂ ಬರವಿಲ್ಲ, ಪದಗಳದ್ದೇ ಪೇಚಾಟ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೊದಲನೆಯದು ‘ಶೋ’. ವಸಂತ ಬಂದರೆ ಇಲ್ಲಿ ಇವುಗಳ ಸಾಲು ಶುರು. ಮೇ ತಿಂಗಳಲ್ಲಿ ಎಕ್ಸೆಟರ್ ಹತ್ತಿರ ಡೆವನ್ ಕೌಂಟಿ ಶೋ. ಅದರ ಹಿಂದೆಯೇ ಸಾಮರ್‌ಸೆಟ್‌ನ ಶೆಪ್ಟನ್ ಮ್ಯಾಲೆಟ್ ಬಳಿ ರಾಯಲ್ ಬಾತ್ ಅಂಡ್ ವೆಸ್ಟ್. ಜೂನ್‌ನಲ್ಲಿ ನಮ್ಮ ಪಕ್ಕದಲ್ಲೇ, ಮಾಲ್ವರ್ನ್ ಬೆಟ್ಟಸಾಲಿನ ಬುಡದಲ್ಲಿ, ಥ್ರೀ ಕೌಂಟೀಸ್ ಶೋ. ಸಣ್ಣಪುಟ್ಟ ಹಳ್ಳಿಗಳದ್ದು ಬೇರೆ. ದೊಡ್ಡ ಹುಲ್ಲುಗಾವಲು, ಸಾಲು ಸಾಲು ಬಿಳಿ ಗುಡಾರ, ಹಳೇ ಟ್ರ್ಯಾಕ್ಟರುಗಳ ಮೆರವಣಿಗೆ, ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿ ಗೋಡೆ ಕಟ್ಟುವವರು, ಸಿಳ್ಳೆಗೆ ಓಡುವ ಕುರಿನಾಯಿಗಳು, ಚೀಸು, ಕೇಕು, ಜೇನು. ಇಷ್ಟನ್ನೂ ಒಟ್ಟಿಗೆ ಏನೆಂದು ಕರೆಯೋಣ?

‘ಪ್ರದರ್ಶನ’ ಎಂದು ಬರೆದು ಕೈ ತೊಳೆದುಕೊಳ್ಳಬಹುದು. ನಿಘಂಟು ಅದನ್ನೇ ಹೇಳುತ್ತದೆ. ಆದರೆ ನಮ್ಮ ಕಡೆಯ ಹಿರಿಯರಿಗೆ ಪ್ರದರ್ಶನ ಅಂದರೆ ಒಂದೋ ಲಾಲ್‌ಬಾಗ್ ಗಾಜಿನಮನೆಯ ಫಲಪುಷ್ಪ ಪ್ರದರ್ಶನ, ಇಲ್ಲಾ ಮೈಸೂರು ದಸರಾದ ವಸ್ತುಪ್ರದರ್ಶನ. ಸಾಲಿನಲ್ಲಿ ನಡೆಯಬೇಕು, ಮುಟ್ಟಬಾರದು, ನೋಡಿ ಆಚೆ ಬರಬೇಕು. ಇಲ್ಲಿನ ಶೋ ಆ ಥರದ್ದಲ್ಲ. ಅದರ ಜೀವ ಇರುವುದು ತೀರ್ಪಿನಲ್ಲಿ.

ಕುರಿಗಳ ಅಂಕಣದ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಇದು ಗೊತ್ತಾಗುತ್ತದೆ. ಬಿಳಿ ಕೋಟು ತೊಟ್ಟ ರೈತರು ಕುರಿಯ ಗದ್ದಕ್ಕೆ ಕೈಕೊಟ್ಟು, ತಲೆ ಎತ್ತಿ ಹಿಡಿದು, ಸಾಲಾಗಿ ನಿಲ್ಲುತ್ತಾರೆ. ತೀರ್ಪುಗಾರ ಬಂದು ತುಟಿ ಬಿಡಿಸಿ ಹಲ್ಲು ನೋಡುತ್ತಾನೆ. ಸೊಂಟದ ಮೇಲೆ ಅಂಗೈ ಊರಿ ಮೂಳೆಯ ಮೇಲೆ ಎಷ್ಟು ಮಾಂಸ ಇದೆ ಎಂದು ಒತ್ತುತ್ತಾನೆ. ಎರಡೂ ಕೈಯಿಂದ ಉಣ್ಣೆ ಬಿಡಿಸಿ ಬುಡದ ಎಳೆ ಹೇಗಿದೆ ನೋಡುತ್ತಾನೆ. ಒಂದು ಹೆಜ್ಜೆ ಹಿಂದೆ ಸರಿದು ಕಾಲು ನೇರ ಇದೆಯಾ ಅಂತ ದಿಟ್ಟಿಸುತ್ತಾನೆ. ಮಾತಿಲ್ಲ. ಕೊನೆಗೆ ಒಬ್ಬನತ್ತ ಬೆರಳು ತೋರಿಸುತ್ತಾನೆ, ಅಷ್ಟೇ. ಸುತ್ತ ನಿಂತ ಜನ ಅಷ್ಟು ಹೊತ್ತಿಗೆ ತಮ್ಮದೇ ತೀರ್ಪು ಕೊಟ್ಟಾಗಿರುತ್ತದೆ, ‘ಅಯ್ಯೋ, ಎರಡನೆಯದು ಆಗಬೇಕಿತ್ತು’ ಎಂಬ ಗೊಣಗಾಟವೂ ಇರುತ್ತದೆ. ನಮ್ಮ ದನಗಳ ಜಾತ್ರೆಯಲ್ಲಿ ಜೋಡೆತ್ತಿನ ಸುಳಿ, ಕೊಂಬು, ಗೊರಸು ನೋಡಿ ಮಾತಾಡಿಕೊಳ್ಳುವವರ ದನಿ ಇದೇ.

ಹಾಗಾಗಿ ನನ್ನ ಮನಸ್ಸು ‘ಜಾತ್ರೆ’ ಕಡೆಗೇ ವಾಲುತ್ತದೆ. ನಮ್ಮ ಗುಂಪಿನಲ್ಲೇ ಇದಕ್ಕೆ ಎರಡು ತಕರಾರು ಬಂದಿವೆ.

ದೇವರು, ತೇರು ಇಲ್ಲದೆ ಜಾತ್ರೆ ಹೇಗಾಗುತ್ತದೆ ಎನ್ನುವುದು ಒಂದು. ಇದು ನನಗೆ ದೊಡ್ಡ ಮಾತಾಗಿ ಕಾಣುವುದಿಲ್ಲ. ಪತ್ರಿಕೆಗಳು ಸಾಹಿತ್ಯ ಸಮ್ಮೇಳನವನ್ನು ‘ನುಡಿಜಾತ್ರೆ’ ಎನ್ನುತ್ತವೆ, ಪುಸ್ತಕ ಜಾತ್ರೆ ಅನ್ನುತ್ತೇವೆ. ಅಲ್ಲೆಲ್ಲ ದೇವರನ್ನು ಕೇಳದೆಯೇ ಪದ ಮುಂದೆ ಹೋಗಿದೆ.

ಇನ್ನೊಂದು ತಕರಾರು ಗಟ್ಟಿಯಾದದ್ದು. ದನಗಳ ಜಾತ್ರೆ ಇರುವುದು ವ್ಯಾಪಾರಕ್ಕೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದೇ ಅದರ ಹೂರಣ. ಒಳ್ಳೆಯ ರಾಸುಗಳಿಗೆ ಬಹುಮಾನ ಇರುತ್ತದೆ, ನಿಜ, ಆದರೆ ಜನ ಹೋಗುವುದು ಕೊಳ್ಳಲು, ಮಾರಲು. ಇಲ್ಲಿನ ಶೋಗೆ ದನ ಕುರಿ ಬರುವುದು ತೀರ್ಪಿಗೆ ನಿಲ್ಲಲು. ಮಾರಾಟದ ಸಂತೆ ಬೇರೆಯೇ ಇದೆ. ಇದರ ಹಿಂದೆ ಒಂದು ಕಥೆಯೂ ಇದೆ. 18ನೇ ಶತಮಾನದಲ್ಲಿ ಲೆಸ್ಟರ್‌ಷರ್‌ನ ರಾಬರ್ಟ್ ಬೇಕ್‌ವೆಲ್ ಎಂಬ ರೈತ ಆರಿಸಿ ಆರಿಸಿ ಜೋಡಿ ಮಾಡಿಸಿ ಕುರಿಯ ತಳಿಯನ್ನೇ ಬದಲಾಯಿಸಿದ. ‘ಒಳ್ಳೆಯ ಪ್ರಾಣಿ ಅಂದರೆ ಹೀಗಿರಬೇಕು’ ಎಂದು ಮಿಕ್ಕ ರೈತರಿಗೆ ಕಣ್ಣಾರೆ ತೋರಿಸಲು ಕೃಷಿ ಸಂಘಗಳು ಹುಟ್ಟಿಕೊಂಡವು. ಬಾತ್ ಅಂಡ್ ವೆಸ್ಟ್ ಸಂಘ 1777ರದ್ದು. 1838ರಲ್ಲಿ ಶುರುವಾದ ಇಂಗ್ಲೆಂಡಿನ ರಾಯಲ್ ಕೃಷಿ ಸಂಘ ಮರುವರ್ಷ ಆಕ್ಸ್‌ಫರ್ಡಿನಲ್ಲಿ ತನ್ನ ಮೊದಲ ಶೋ ನಡೆಸಿತು. ಅಂದರೆ ‘ಶೋ’ ಎಂಬ ಪದದಲ್ಲಿ ತೋರಿಸಿ ಕಲಿಸುವುದು ನಿಜವಾಗಿಯೂ ಇತ್ತು. ‘ಪ್ರದರ್ಶನ’ ಬೇಕೆನ್ನುವವರ ಕೈಗೆ ನಾನೇ ಒಂದು ದೊಣ್ಣೆ ಕೊಟ್ಟ ಹಾಗಾಯಿತು, ಇರಲಿ.

‘ಮೇಳ’ ಹೇಗೆ? ಧಾರವಾಡ, ಬೆಂಗಳೂರಿನ ಕೃಷಿ ಮೇಳ ಎಲ್ಲರಿಗೂ ಗೊತ್ತು. ಕಲಿಸುವುದು, ತೋರಿಸುವುದು, ತಿನ್ನುವುದು ಮೂರೂ ಅಲ್ಲಿವೆ. ತೊಂದರೆ ಏನೆಂದರೆ ನಮ್ಮ ಗುಂಪಿನಲ್ಲಿ ಕರಾವಳಿಯವರು ಜಾಸ್ತಿ. ಮೇಳ ಎಂದ ತಕ್ಷಣ ಅವರು ಕೇಳುವುದು ‘ಯಾವ ಮೇಳ? ಭಾಗವತರು ಯಾರು?’ ಎಂದು. ತಮಾಷೆಗೆ ಹೇಳುತ್ತಿಲ್ಲ, ಒಬ್ಬ ಅತ್ತೆಯವರು ಹಾಗೇ ಕೇಳಿದರು.

ಸದ್ಯಕ್ಕೆ ನಾನು ‘ಕೃಷಿ ಜಾತ್ರೆ’ ಎಂದು ಬರೆದಿಟ್ಟಿದ್ದೇನೆ. ‘ಕಂಟ್ರಿ’ಗೆ ‘ಹಳ್ಳಿಗಾಡಿನ’ ಎಂದು ಸೇರಿಸಿ ಆಮೇಲೆ ಹೊಡೆದುಹಾಕಿದೆ. ಹಳ್ಳಿಗಾಡು ಅಂದರೆ ನಮಗೆ ರಸ್ತೆ ಇಲ್ಲದ, ಬಸ್ಸು ಬಾರದ ಜಾಗ. ಇಲ್ಲಿ ಕಾಸಿದ್ದವರು ನಿವೃತ್ತಿಯಾಗಿ ಮನೆ ಕೊಳ್ಳುವುದೇ ಹಳ್ಳಿಯಲ್ಲಿ. ‘ನಾಡು’ ಎಂದರೆ ಹೇಗೆ? ಕಾಡಿನ ಎದುರಿಗೆ ಇರುವ ನಾಡು, ಉಳುವ ನೆಲ ಎಂಬ ಅರ್ಥದಲ್ಲಿ. ‘ನಾಡಜಾತ್ರೆ’ ಕೇಳಲು ಚೆನ್ನಾಗಿದೆ, ಆದರೆ ರಾಜ್ಯೋತ್ಸವದ ಬ್ಯಾನರ್ ಥರವೂ ಕಾಣುತ್ತದೆ. ಏನನ್ನುತ್ತೀರಿ?

ಹೂವಿನ ಶೋಗಳಿಗೆ ಬಂದರೆ ‘ಫಲಪುಷ್ಪ ಪ್ರದರ್ಶನ’ವೇ ಇರಲಿ. ಸಿದ್ಧ ಪದ, ಬಾಯಿಗೆ ಒಗ್ಗಿದೆ. ಮೇ ತಿಂಗಳ ಮಾಲ್ವರ್ನ್ ಸ್ಪ್ರಿಂಗ್ ಫೆಸ್ಟಿವಲ್‌ಗೆ ಇದು ಸಾಕು. ಅಲ್ಲಿ ಕೈಕೊಡುತ್ತಿರುವುದು ಪದಕದ ಹೆಸರು. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ತೀರ್ಪುಗಾರರು ಹೂವಿನ ಅಂಗಳಗಳನ್ನು ಒಂದಕ್ಕೊಂದು ಹೋಲಿಸಿ ನಂಬರ್ ಹಾಕುವುದಿಲ್ಲ. ನಮ್ಮ ಶಾಲೆಯ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಇದ್ದ ಹಾಗೆ, ಮಟ್ಟ ಮುಟ್ಟಿದವರಿಗೆಲ್ಲ ಚಿನ್ನ. ಚಿನ್ನಕ್ಕೂ ಬೆಳ್ಳಿಗೂ ನಡುವೆ ‘ಸಿಲ್ವರ್ ಗಿಲ್ಟ್’ ಎಂದು ಇನ್ನೊಂದಿದೆ. ‘ಗಿಲೀಟು’ ನಮ್ಮಲ್ಲಿ ಮೊದಲೇ ಇದೆ, ಇಂಗ್ಲಿಷಿನಿಂದಲೇ ಬಂದದ್ದು, ಆದರೆ ಬರುತ್ತಾ ದಾರಿಯಲ್ಲಿ ಮಾನ ಕಳೆದುಕೊಂಡಿದೆ. ಗಿಲೀಟು ಒಡವೆ ಅಂದರೆ ಮೋಸದ ಒಡವೆ. ವರ್ಷವೆಲ್ಲ ಬೆವರು ಸುರಿಸಿ ಅಂಗಳ ಮಾಡಿದವರಿಗೆ ‘ಬೆಳ್ಳಿ ಗಿಲೀಟು ಪದಕ’ ಬಂತು ಎಂದು ಹೇಗೆ ಬರೆಯುವುದು? ‘ಚಿನ್ನದ ನೀರು ಹಾಕಿದ ಬೆಳ್ಳಿ’ ಎಂದಿದ್ದೇನೆ. ಉದ್ದ ಆಯಿತು. ಚಿಕ್ಕದಾಗಿ ಏನಾದರೂ ಇದೆಯೇ?

ದನ ಕುರಿಗೆ ಪದಕ ಇಲ್ಲ, ರೊಸೆಟ್. ರಿಬ್ಬನ್ನನ್ನು ನಿರಿಗೆ ನಿರಿಗೆಯಾಗಿ ಮಡಿಚಿ ದುಂಡಗೆ ಹೊಲಿದು, ಕೆಳಗೆ ಎರಡು ಬಾಲ ಬಿಟ್ಟಿರುತ್ತಾರೆ. ‘ರಿಬ್ಬನ್ ಹೂ’ ಅಂದರೆ ತಿಳಿಯುತ್ತದೆ ಅನಿಸುತ್ತದೆ. ಒಂದು ವಿಷಯ ಮಾತ್ರ ಕೈಪಿಡಿಯಲ್ಲಿ ಹಾಕಲೇಬೇಕು: ಬ್ರಿಟನ್‌ನಲ್ಲಿ ಕೆಂಪು ಮೊದಲನೆಯದು, ನೀಲಿ ಎರಡನೆಯದು, ಹಳದಿ ಮೂರನೆಯದು. ಅಮೆರಿಕದಲ್ಲಿ ಮಗಳ ಮನೆಗೆ ಹೋಗಿ ಬಂದವರು ನೀಲಿಯೇ ಮೊದಲು ಎಂದುಕೊಂಡಿರುತ್ತಾರೆ.

ಈಗ ‘ಗಾರ್ಡನ್’. ಇದು ನನಗೆ ಶೋಗಿಂತ ಜಾಸ್ತಿ ತಲೆ ತಿಂದಿದೆ.

‘ತೋಟ’ ಎಂದರೆ ಮಲೆನಾಡಿನವರಿಗೆ ಅಡಿಕೆ, ಕಾಫಿ. ಬಯಲುಸೀಮೆಯವರಿಗೆ ನೀರಾವರಿ ಜಮೀನು, ತೆಂಗು. ‘ಭಾನುವಾರ ತೋಟ ನೋಡಲು ಹೋಗೋಣ’ ಎಂದರೆ ನಮ್ಮ ಮಾವನವರು ಚಪ್ಪಲಿ ಬಿಟ್ಟು ಬೂಟು ಹುಡುಕುತ್ತಾರೆ. ‘ಉದ್ಯಾನ’ ಎಂದರೆ ಸರ್ಕಾರದ್ದು, ಬೇಲಿ, ಟಿಕೆಟ್ಟು, ಬೆಂಚು. ‘ಕೈತೋಟ’ ಎಂದರೆ ಬೆಂಡೆ, ಬದನೆ. ‘ಹಿತ್ತಲು’ ಎಂದರೆ ಪಾತ್ರೆ ತೊಳೆಯುವ ಜಾಗವೂ ಹೌದು.

ಇಲ್ಲಿ ನಾನು ಹೇಳಬೇಕಾಗಿರುವುದು ಮನೆಯವರು ವಾಸ ಮಾಡುವ ಮನೆಯ ಸುತ್ತಲಿನ ಜಾಗ. ನ್ಯಾಷನಲ್ ಗಾರ್ಡನ್ ಸ್ಕೀಮ್ ಎಂದು ಒಂದಿದೆ. 1927ರಲ್ಲಿ ಶುರುವಾಯಿತು. ಮನೆ ಮನೆಗೆ ಹೋಗಿ ಆರೈಕೆ ಮಾಡುವ ದಾದಿಯರಿಗೆ ಹಣ ಕೂಡಿಸಬೇಕಿತ್ತು. ಎಲ್ಸಿ ವ್ಯಾಗ್ ಎಂಬ ಮಹಿಳೆ, ಜನ ತಮ್ಮ ಅಂಗಳಗಳನ್ನು ಎಲ್ಲರಿಗೂ ತೆರೆದು ತಲೆಗೆ ಒಂದು ಶಿಲ್ಲಿಂಗ್ ತೆಗೆದುಕೊಂಡರೆ ಹೇಗೆ ಎಂದರು. ಮೊದಲ ವರ್ಷವೇ 609 ಮನೆಗಳು ಗೇಟು ತೆರೆದವು, 8,000 ಪೌಂಡಿಗೂ ಹೆಚ್ಚು ಹಣ ಬಂತು. ಈಗ ವರ್ಷಕ್ಕೆ 3,000ಕ್ಕೂ ಹೆಚ್ಚು ತೆರೆಯುತ್ತವೆ. ಹೋದರೆ ಮನೆಯೊಡತಿಯೇ ಗೇಟಿನಲ್ಲಿ ಕೂತು ದುಡ್ಡು ಇಸಿದುಕೊಳ್ಳುತ್ತಾರೆ. ಗ್ಯಾರೇಜಿನಲ್ಲಿ ಮಡಚುವ ಮೇಜಿನ ಮೇಲೆ ಟೀ, ಕೇಕು. ಪಕ್ಕದಲ್ಲಿ ಮೊಸರಿನ ಡಬ್ಬಿಯಲ್ಲಿ ನೆಟ್ಟ ಸಸಿಗಳು ಮಾರಾಟಕ್ಕೆ. ನಮ್ಮ ಅಮ್ಮಂದಿರು ಜಾಸ್ತಿ ಹೊತ್ತು ನಿಲ್ಲುವುದು ಅಲ್ಲೇ. ಭಾಷೆ ಬಾರದಿದ್ದರೂ ಗಿಡದ ಬಗ್ಗೆ ಇಬ್ಬರೂ ಕೈಸನ್ನೆಯಲ್ಲೇ ಮಾತು ಮುಗಿಸುತ್ತಾರೆ.

ಇದಕ್ಕೆ ‘ಮನೆದೋಟ’ ಅಂದರೆ ಒಪ್ಪುತ್ತೀರಾ? ಹೂದೋಟ, ಕೈದೋಟ ಇದ್ದ ಹಾಗೆ. ‘ಹೂದೋಟ’ ಎಂದೇ ಬರೆಯಬಹುದು ಎಂದು ಕೆಲವರು ಹೇಳಿದರು. ಆದರೆ ಗ್ಲಾಸ್ಟರ್‌ಷರ್‌ನ ಹಿಡ್‌ಕೋಟ್‌ಗೆ ಹೋದರೆ ಹೂವಿಗಿಂತ ಕಣ್ಣಿಗೆ ಬೀಳುವುದು ಆಳೆತ್ತರದ ಹಸಿರು ಬೇಲಿಗಳು. ಲಾರೆನ್ಸ್ ಜಾನ್ಸ್‌ಟನ್ ಎಂಬಾತ ಬೇಲಿಯನ್ನೇ ಗೋಡೆ ಮಾಡಿ ಒಂದೊಂದು ಜಾಗವನ್ನೂ ಒಂದೊಂದು ಕೋಣೆಯ ಹಾಗೆ ಬೇರೆ ಮಾಡಿದ್ದಾನೆ. ಅದನ್ನು ಹೂದೋಟ ಎಂದರೆ ಅರ್ಧವೇ ಹೇಳಿದಂತೆ.

ಸಣ್ಣ ಎಚ್ಚರಿಕೆಗಳು ಒಂದೆರಡು, ಅನುವಾದ ಮಾಡುವವರಿಗೆ. ಕೆಂಟ್‌ನ ಸಿಸಿಂಗ್‌ಹರ್ಸ್ಟ್‌ನಲ್ಲಿ ‘ಲೈಮ್ ವಾಕ್’ ಇದೆ, ವಸಂತದ ಹೂಗಳಿಗೇ ಹೆಸರಾದ ಜಾಗ. ಅದು ನಿಂಬೆಗಿಡದ ಸಾಲು ಅಲ್ಲ! ಲಿಂಡನ್ ಮರಕ್ಕೆ ಇಲ್ಲಿ ಲೈಮ್ ಎನ್ನುತ್ತಾರೆ. ಹಾಗೇ ‘ಕ್ರೀಮ್ ಟೀ’ ಅಂದರೆ ಕೆನೆ ಹಾಕಿದ ಟೀ ಅಲ್ಲ. ಟೀ ಸಾದಾ, ಕೆನೆ ಸ್ಕೋನ್ ಎಂಬ ಸಣ್ಣ ಬನ್ನಿನಂಥ ತಿನಿಸಿನ ಮೇಲೆ. ಡೆವನ್‌ನಲ್ಲಿ ಕೆನೆ ಸವರಿ ಮೇಲೆ ಜಾಮ್, ಪಕ್ಕದ ಕಾರ್ನ್‌ವಾಲ್‌ನಲ್ಲಿ ಜಾಮ್ ಸವರಿ ಮೇಲೆ ಕೆನೆ. ಇದಕ್ಕೆ ಜಗಳವೂ ಉಂಟು, ನಾವು ತಲೆ ಹಾಕುವುದು ಬೇಡ.

ಬ್ಲೂಬೆಲ್ ಎಂಬ ನೀಲಿ ಹೂ ಬಿಡುವ ಕಾಡಿಗೆ ‘ಬನ’ ಎಂದು ಬರೆದಿದ್ದೇನೆ. ಏಪ್ರಿಲ್ ಕೊನೆ, ಮೇ ಮೊದಲಿಗೆ ಮರಗಳ ಎಲೆ ದಟ್ಟವಾಗುವ ಮುಂಚೆ ನೆಲವೆಲ್ಲ ನೀಲಿಯಾಗುತ್ತದೆ. ಹರ್ಟ್‌ಫರ್ಡ್‌ಷರ್‌ನ ಆಶ್‌ರಿಜ್ ಇದಕ್ಕೆ ಪ್ರಸಿದ್ಧ. 1981ರ ಕಾಯ್ದೆ ಪ್ರಕಾರ ಕಾಡು ಬ್ಲೂಬೆಲ್ ಗಡ್ಡೆ ಕೀಳುವಂತಿಲ್ಲ. ತುಳಿದರೂ ಗಿಡ ಬೇಗ ಚೇತರಿಸಿಕೊಳ್ಳುವುದಿಲ್ಲ. ಕೈ ಹಾಕಬಾರದ ಜಾಗ ಎಂಬುದು ‘ನಾಗಬನ’ ಗೊತ್ತಿದ್ದವರಿಗೆ ಆ ಪದದಲ್ಲೇ ತಿಳಿಯುತ್ತದೆ. ಕಾಡು ಎಂದರೆ ಆ ಅರ್ಥ ಬರುವುದಿಲ್ಲ.

ಒಂದು ಪದ ಮಾತ್ರ ಹೇಳಿ ಮಾಡಿಸಿದ ಹಾಗೆ ಸಿಕ್ಕಿತು. ದೊಡ್ಡ ಮನೆಗಳ ಮುಂದೆ ಹುಲ್ಲುಹಾಸು, ಅದರಾಚೆ ದನ ಮೇಯುವ ಬಯಲು, ನಡುವೆ ಬೇಲಿಯೇ ಕಾಣುವುದಿಲ್ಲ. ಹತ್ತಿರ ಹೋದರೆ ಒಂದು ಕಂದಕ. ಮನೆ ಕಡೆ ನೆಟ್ಟಗೆ ಕಲ್ಲಿನ ಗೋಡೆ, ಆಚೆ ಕಡೆ ಇಳಿಜಾರು. ದನ ಇಳಿಯಬಹುದು, ಈಚೆ ಹತ್ತಲಾಗದು. ಇಂಗ್ಲಿಷಿನಲ್ಲಿ ಇದಕ್ಕೆ ‘ಹಾ-ಹಾ’ ಎನ್ನುತ್ತಾರೆ. ಬಕಿಂಗ್‌ಹ್ಯಾಮ್‌ಷರ್‌ನ ಸ್ಟೋವ್‌ನಲ್ಲಿ 18ನೇ ಶತಮಾನದಲ್ಲೇ ಚಾರ್ಲ್ಸ್ ಬ್ರಿಜ್‌ಮನ್ ಇದನ್ನು ಮಾಡಿಸಿದ. ಶಿರಸಿ ಕಡೆಯ ಗೆಳೆಯರೊಬ್ಬರು ಚಿತ್ರ ನೋಡಿದವರೇ ‘ಇದು ಅಗಳ ಅಲ್ವಾ’ ಎಂದರು. ದನ ನುಗ್ಗದಂತೆ ಅಡಿಕೆ ತೋಟದ ಸುತ್ತ ತೋಡುವ ಅದೇ ಅಗಳ. ಅಲ್ಲಿ ಕಲ್ಲು ಕಟ್ಟುವ ರೂಢಿ ಇಲ್ಲದಿರಬಹುದು, ಕೆಲಸ ಮಾತ್ರ ಒಂದೇ. ‘ಅಗಳ’ ಎಂದೇ ಅಚ್ಚಿಗೆ ಹೋಗುತ್ತದೆ, ಯಾರು ಬೇಡವೆಂದರೂ ಬಿಡುವುದಿಲ್ಲ.

ಕೊನೆಗೆ ಚಳ್ಳಕೆರೆ, ಹಿರಿಯೂರು, ಕೊಪ್ಪಳ ಕಡೆಯವರಿಗೆ, ಕುರಿ ಸಾಕುವ ಮನೆಯವರಿಗೆ ಒಂದು ಪ್ರಶ್ನೆ. ಶೋನ ಪಟ್ಟಿಯಲ್ಲಿ ಕುರಿಗಳನ್ನು ವಯಸ್ಸಿನ ಮೇಲೆ ವಿಂಗಡಿಸಿರುತ್ತಾರೆ. ಹಲ್ಲಿನ ಲೆಕ್ಕ ನಮ್ಮಲ್ಲೂ ಇದೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯ್ಗೂಡಿದ್ದು. ಇಂಗ್ಲಿಷ್ ರೈತರೂ ಹೀಗೇ ಎಣಿಸುತ್ತಾರೆ, ಅಲ್ಲಿ ತೊಂದರೆ ಇಲ್ಲ. ಆದರೆ ‘ಷಿಯರ್ಲಿಂಗ್’ ಎಂದು ಒಂದಿದೆ. ಒಂದೇ ಒಂದು ಸಲ ಉಣ್ಣೆ ಕತ್ತರಿಸಿಕೊಂಡ ಕುರಿ. ಕಂಬಳಿಗೆ ಮೊದಲ ಸಲ ಉಣ್ಣೆ ಕೊಟ್ಟ ಮರಿಗೆ, ಅಥವಾ ಆ ಮೊದಲ ಉಣ್ಣೆಗೆ, ನಿಮ್ಮ ಮನೆಗಳಲ್ಲಿ ಏನು ಹೇಳುತ್ತಾರೆ? ಹಾಗೇ ಬೀಜ ಒಡೆದ ಟಗರಿಗೂ ಒಂದೇ ಪದ ಇದ್ದರೆ ತಿಳಿಸಿ. ಯಾವ ಊರು, ಯಾವ ತಾಲ್ಲೂಕು ಎಂದೂ ಬರೆದರೆ ಒಳ್ಳೆಯದು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಸುಮ್ನೆ ಒಂದು ಮಾತು ಕೇಳಿ ನೋಡಿ.